ಕಲೆಕ್ಟರ್ ಎಂದರೆ ಯಾರು?

ನಮ್ಮ ಶಾಲೆಯ ಯಾವ ತರಗತಿಗಾದರೂ ಹೋಗಿ, "ಮುಂದೆ ಏನಾಗಬೇಕೆಂದಿದ್ದೀರಿ?" ಎಂದು ಕೇಳಿದರೆ ಡಾಕ್ಟರ್, ಇಂಜಿನಿಯರ್, ಪೊಲೀಸ್ ಎಂಬ ಉತ್ತರಗಳ ನಡುವೆ "ಕಲೆಕ್ಟರ್" ಎಂಬ ಉತ್ತರವೂ ಬಂದೇ ಬರುತ್ತದೆ. ಹಾಗೆ ಹೇಳುವ ಮಗುವಿನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ಸಂತೋಷದ ಮಾತೇ ಸರಿ. ಆದರೆ ಆ ಪದದ ಅರ್ಥವೇನು ಎಂದು ಮರುಪ್ರಶ್ನೆ ಹಾಕಿದರೆ ತರಗತಿ ಮೌನವಾಗುತ್ತದೆ. "ಜಿಲ್ಲೆಗೆಲ್ಲ ದೊಡ್ಡವರು ಸಾರ್" ಎಂದು ಒಬ್ಬರು, "ಕೆಂಪು ದೀಪದ ಕಾರು" ಎಂದು ಇನ್ನೊಬ್ಬರು. (ಕೆಂಪು ದೀಪ 2017ರಲ್ಲಿಯೇ ಹೋಯಿತೆಂಬುದು ಇನ್ನೂ ನಮ್ಮ ಮಕ್ಕಳ ಕಿವಿಗೆ ಬಿದ್ದಿಲ್ಲ.) ಮೂಲದಲ್ಲಿ ಅದು ಬಹು ಸಣ್ಣ ಮಾತು. ಕೂಡಿಸುವವನು, ವಸೂಲು ಮಾಡುವವನು, ಅಷ್ಟೆ. ಬೆಳಗ್ಗೆ ನಮ್ಮ ಬೀದಿಗೆ ಗಾಡಿ ತಳ್ಳಿಕೊಂಡು ಬಂದು ಕಸ ತೆಗೆದುಕೊಂಡು ಹೋಗುವ ಹೆಂಗಸೂ ಇಂಗ್ಲಿಷಿನಲ್ಲಿ ಕಲೆಕ್ಟರೇ.

ಒಂದೇ ಪದ ಒಬ್ಬರಿಗೆ ಕುರ್ಚಿಯನ್ನೂ ಇನ್ನೊಬ್ಬರಿಗೆ ಮೂಗು ಮುಚ್ಚಿಕೊಳ್ಳುವ ನೋಟವನ್ನೂ ಕೊಡುವುದು ಹೇಗೆ ಎಂಬುದನ್ನು ವಿದ್ಯಾರ್ಥಿ ಮಿತ್ರರೂ ಅವರ ತಾಯಿತಂದೆಯರೂ ನಮ್ಮೊಡನೆ ಸ್ವಲ್ಪ ಯೋಚಿಸಬೇಕೆಂದು ಈ ಲೇಖನ.

ಮೊದಲು ದೊಡ್ಡ ಕಲೆಕ್ಟರರ ವಿಷಯ. 1772ರಲ್ಲಿ ವಾರನ್ ಹೇಸ್ಟಿಂಗ್ಸ್ ಬಂಗಾಳದ ಜಿಲ್ಲೆಗಳಲ್ಲಿ ಕಂದಾಯ ವಸೂಲಿ ಮಾಡುವ ಕಂಪನಿಯ ಅಧಿಕಾರಿಗಳಿಗೆ ಈ ಹೆಸರಿಟ್ಟನು. ಕಂಪನಿ ವ್ಯಾಪಾರಕ್ಕೆಂದು ಬಂದದ್ದಷ್ಟೆ. ಅದಕ್ಕೆ ಬೇಕಾಗಿದ್ದುದು ಹಣ. ಆದ್ದರಿಂದ ಹೆಸರೂ ಕೆಲಸಕ್ಕೆ ತಕ್ಕಂತೆಯೇ ಇತ್ತು, ಮುಚ್ಚುಮರೆ ಏನೂ ಇರಲಿಲ್ಲ. ನಮ್ಮ ಸೀಮೆಗೆ ಆ ಪದ್ಧತಿ ಬಂದದ್ದು 1792ರಲ್ಲಿ. ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಸುಲ್ತಾನನು ಬಾರಾಮಹಲನ್ನು ಕಂಪನಿಗೆ ಬಿಟ್ಟುಕೊಡಬೇಕಾಯಿತು. ಅಲ್ಲಿನ ಆಡಳಿತಕ್ಕೆ ಕ್ಯಾಪ್ಟನ್ ಅಲೆಗ್ಸಾಂಡರ್ ರೀಡ್ ಎಂಬ ಸೈನ್ಯಾಧಿಕಾರಿಯನ್ನು ಕಳುಹಿಸಿದರು. ಅವನ ಕೈಕೆಳಗೆ ಕೆಲಸ ಕಲಿತ ಸಹಾಯಕರಲ್ಲಿ ಒಬ್ಬ ಥಾಮಸ್ ಮನ್ರೋ. ಕತ್ತಿ ಹಿಡಿದ ಕೈಗೇ ಲೆಕ್ಕದ ಪುಸ್ತಕ ಬಂದಿತು. ಊರೂರು ತಿರುಗಿ, ಡೇರೆ ಹಾಕಿ, ಹೊಲ ಅಳೆದು, ರೈತನೊಡನೆ ನೇರವಾಗಿ ಕಂದಾಯ ಗೊತ್ತುಮಾಡುವ ರೈತವಾರಿ ಪದ್ಧತಿ ಬೇರುಬಿಟ್ಟದ್ದು ನಮ್ಮ ಈ ಕೃಷ್ಣಗಿರಿ, ಧರ್ಮಪುರಿ, ಸೇಲಂ ಸೀಮೆಯ ಮಣ್ಣಿನಲ್ಲಿಯೇ. ಮನ್ರೋ ಮುಂದೆ ಕೆನರಾ ಜಿಲ್ಲೆಗೂ ಬಳ್ಳಾರಿಯ ಕಡೆಗೂ ಕಲೆಕ್ಟರನಾಗಿ ಹೋದನು, ಮದರಾಸಿನ ಗವರ್ನರನಾದನು, 1827ರಲ್ಲಿ ಪ್ರವಾಸದಲ್ಲಿದ್ದಾಗ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡನು. ಹೊಸೂರಿನ ಸುತ್ತಲ ಪ್ರದೇಶ ಕಂಪನಿಯ ಕೈಸೇರಿದ್ದು 1799ರಲ್ಲಿ, ಟಿಪ್ಪುವಿನ ಪತನದ ಮೇಲೆ.

ಹಾಗೆಂದು ವಸೂಲಿಗಾರನೆಂಬ ಹೆಸರನ್ನು ಇಂಗ್ಲಿಷರೇ ಹೊಸದಾಗಿ ತಂದರೆಂದು ತಿಳಿಯಬಾರದು. ತಹಶೀಲ್ ಎಂದರೆ ವಸೂಲಿ. ತಹಶೀಲ್ದಾರ್ ಎಂದರೆ ವಸೂಲು ಮಾಡುವವನು. ನವಾಬರ ಕಾಲದ ಭಾಷೆಯಲ್ಲಿ ಅದೂ ಕಲೆಕ್ಟರೇ. ಎಂದರೆ ತಾಲ್ಲೂಕಿಗೊಬ್ಬ, ಜಿಲ್ಲೆಗೊಬ್ಬ, ಎರಡು ಭಾಷೆಗಳಲ್ಲಿ ಒಂದೇ ಹೆಸರಿನ ಇಬ್ಬರು! ಅವರಿಗೂ ಕೆಳಗೆ ಊರಿನ ಮುನ್ಸಿಫರು ಕಿಸ್ತು ಕಟ್ಟಿಸಿಕೊಳ್ಳುತ್ತಿದ್ದರು. ನಮ್ಮ ಪಕ್ಕದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರ ತಂದೆ ಅಂಥ ಮುನ್ಸಿಫರಾಗಿದ್ದರು. 1980ರಲ್ಲಿ ತಮಿಳುನಾಡು ಸರ್ಕಾರ ವಂಶಪಾರಂಪರ್ಯದ ಆ ಹುದ್ದೆಗಳನ್ನು ತೆಗೆದುಹಾಕಿತು. ಈಗ ಇರುವವರು ಗ್ರಾಮಾಡಳಿತಾಧಿಕಾರಿಗಳು.

ಜೂಜುವಾಡಿ ದಾಟಿ ಅತ್ತಿಬೆಲೆಗೆ ಕಾಲಿಟ್ಟರೆ ಇದೇ ಅಧಿಕಾರಿಯ ಹೆಸರು ಬದಲಾಗುತ್ತದೆ. ಅಲ್ಲಿ ಡಿ.ಸಿ. ಸಾಹೇಬರು, ಬರಹದಲ್ಲಿ ಜಿಲ್ಲಾಧಿಕಾರಿ. 1831ರಿಂದ 1881ರ ವರೆಗೆ ಮೈಸೂರನ್ನು ಇಂಗ್ಲಿಷ್ ಕಮಿಷನರರು ಆಳಿದ್ದರಿಂದ ಅಲ್ಲಿ ಜಿಲ್ಲೆಯ ಮುಖ್ಯಸ್ಥನಿಗೆ ಡೆಪ್ಯುಟಿ ಕಮಿಷನರ್ ಎಂಬ ಹೆಸರೇ ನಿಂತಿತು. ಮದರಾಸು, ಬೊಂಬಾಯಿ ಪ್ರಾಂತಗಳ ಕೈಕೆಳಗಿದ್ದ ಕನ್ನಡಿಗರಿಗೆ ಮಾತ್ರ ಕಲೆಕ್ಟರ್ ಸಿಕ್ಕಿದನು. ತಮಿಳಿನಲ್ಲಿ ಈಗ ಮಾವಟ್ಟ ಆಟ್ಚಿಯರ್ ಎನ್ನುತ್ತಾರೆ, ಆಳುವವರು ಎಂದರ್ಥ. ವಸೂಲಿಯ ವಾಸನೆಯೇ ಅದರಲ್ಲಿ ಉಳಿದಿಲ್ಲ. ನಮ್ಮ ಊರುಗಳ ಹಿರಿಯರು ಮಾತ್ರ ಕನ್ನಡದಲ್ಲಾಗಲಿ ತೆಲುಗಿನಲ್ಲಾಗಲಿ ಇನ್ನೂ "ಕಲೆಕ್ಟರ್ ಆಫೀಸು" ಎಂದೇ ಹೇಳುತ್ತಾರೆ. ಆ ಆಫೀಸು ನಮಗೆ ಹಂತ ಹಂತವಾಗಿ ಹತ್ತಿರ ಬಂದಿದೆಯೆಂಬುದೂ ನಿಜ. ಅಜ್ಜನ ಕಾಲಕ್ಕೆ ಸೇಲಂ, 1965ರಿಂದ ಅಪ್ಪನ ಕಾಲಕ್ಕೆ ಧರ್ಮಪುರಿ, 2004ರಿಂದ ಕೃಷ್ಣಗಿರಿ. ಸೋಮವಾರದ ಕುಂದುಕೊರತೆ ದಿನ ಅರ್ಜಿ ಹಿಡಿದು ಹೊರಟವರು ಸಂಜೆಗೆ ಮನೆ ಸೇರಬಹುದು.

ಇಂದಿನ ಕಲೆಕ್ಟರರು ಹಣ ಕೂಡಿಸುವುದಕ್ಕಿಂತ ಹೆಚ್ಚಾಗಿ ಕಷ್ಟಗಳನ್ನು ಕೂಡಿಸಿಕೊಳ್ಳುತ್ತಾರೆ. ಪಡಿತರ ಚೀಟಿ, ಪಟ್ಟಾ, ಪಿಂಚಣಿ, ಕೆರೆಯ ಒತ್ತುವರಿ, ಕಲ್ಲುಕ್ವಾರಿಯ ಪರವಾನಗಿ ಎಲ್ಲವೂ ಅವರ ಮೇಜಿಗೇ ಹೋಗುತ್ತವೆ. ಹೆಸರು ಹಳೆಯದು, ಕೆಲಸ ಬೇರೆ. ಅರಸನು ತೆಗೆದುಕೊಳ್ಳುವ ತೆರಿಗೆಯನ್ನು ಸೂರ್ಯನು ಹೀರುವ ನೀರಿಗೆ ಹೋಲಿಸುವ ಮಾತು ಕಾಳಿದಾಸನ ರಘುವಂಶದಲ್ಲಿದೆ; ಹೀರಿದ್ದು ಮಳೆಯಾಗಿ ಹಿಂದಿರುಗಬೇಕೆಂಬುದು ಅದರ ಭಾವ. ವಾರನ್ ಹೇಸ್ಟಿಂಗ್ಸನ ಕಲೆಕ್ಟರನಿಗೆ ಈ ಎರಡನೆಯ ಭಾಗ ಹೇಳಿಕೊಟ್ಟವರಿರಲಿಲ್ಲ.

ಕಿತ್ತೂರಿನ ಕಥೆ ನಿಮಗೆ ಗೊತ್ತೇ ಇದೆ. 1824ರ ಅಕ್ಟೋಬರ್ 23ರಂದು ಕೋಟೆಯ ಬಾಗಿಲಲ್ಲಿ ಸತ್ತ ಥ್ಯಾಕರೆ ಧಾರವಾಡದ ಕಲೆಕ್ಟರನು. ಸಂಸ್ಥಾನದ ಖಜಾನೆಗೆ ಮೊಹರು ಹಾಕಿಸಿದವನು ಅವನೇ. ಆದರೆ ಆ ದಿನ ಚೆನ್ನಮ್ಮನವರ ಸೆರೆಯಾಳಾಗಿ ಉಳಿದ ಇಬ್ಬರು ಇಂಗ್ಲಿಷ್ ತರುಣರಲ್ಲಿ ಒಬ್ಬನ ವಿಷಯ ಪಾಠಪುಸ್ತಕದಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಅವನ ಹೆಸರು ವಾಲ್ಟರ್ ಎಲಿಯಟ್, ವಯಸ್ಸು ಇಪ್ಪತ್ತೊಂದು. ಬಿಡುಗಡೆಯಾದ ಮೇಲೆ ಅವನು ಕನ್ನಡ ನಾಡಿನ ಹಳ್ಳಿಗಳಲ್ಲಿ ಕಲ್ಲುಶಾಸನಗಳನ್ನು ಹುಡುಕತೊಡಗಿದನು. ಐನೂರಕ್ಕೂ ಹೆಚ್ಚು ಶಾಸನಗಳ ಪ್ರತಿ ಮಾಡಿಸಿಟ್ಟನು. ದಕ್ಷಿಣದ ನಾಣ್ಯಗಳನ್ನು ಕೂಡಿಸಿದನು, ಪ್ರಾಣಿಪಕ್ಷಿಗಳನ್ನು ಕೂಡಿಸಿದನು. ದಕ್ಷಿಣ ಭಾರತದ ಕಾಡುಗಳಲ್ಲಿರುವ ಅಳಿಲಿನಂಥ ಒಂದು ಪ್ರಾಣಿಯ ಶಾಸ್ತ್ರೀಯ ಹೆಸರಿನಲ್ಲಿ ಇಂದಿಗೂ ಎಲಿಯಟ್‌ನ ಹೆಸರು ಅಂಟಿಕೊಂಡಿದೆ. ವಸೂಲಿಯ ಇಲಾಖೆಯವನೊಬ್ಬನು ಇನ್ನೊಂದು ಅರ್ಥದ ಕಲೆಕ್ಟರನೂ ಆದುದು ಹೀಗೆ. ಅವನು ಕೂಡಿಸದಿದ್ದರೆ ಎಷ್ಟೋ ಶಾಸನಗಳ ಪಾಠ ನಮಗೆ ಸಿಗುತ್ತಿರಲಿಲ್ಲ, ಒಪ್ಪುತ್ತೇವೆ. ಕೂಡಿಸಿದ್ದರಲ್ಲಿ ಬಹು ಭಾಗ ಸಮುದ್ರ ದಾಟಿ ಹೋಯಿತೆಂಬುದನ್ನೂ ಮರೆಯುವಂತಿಲ್ಲ. ಅಮರಾವತಿಯ ಸ್ತೂಪದ ಕಲ್ಲುಗಳನ್ನು 1845ರಲ್ಲಿ ಅಗೆಸಿದವನೂ ಅವನೇ. ಆ ಕಲ್ಲುಗಳು ಲಂಡನ್ನಿನ ವಸ್ತುಸಂಗ್ರಹಾಲಯ ಸೇರಿವೆ.

ಅಂಚೆಚೀಟಿ, ನಾಣ್ಯ ಕೂಡಿಸುವ ಹುಡುಗರು ನಮ್ಮಲ್ಲಿಯೂ ಇದ್ದಾರೆ. ಒಳ್ಳೆಯ ಹವ್ಯಾಸ. ಚಿಟ್ಟೆಯನ್ನು ಗುಂಡುಸೂಜಿಗೆ ಚುಚ್ಚಿಡುವುದು, ಹಕ್ಕಿಯ ಮೊಟ್ಟೆ ತಂದಿಡುವುದು ಮಾತ್ರ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅನೇಕ ಜೀವಿಗಳ ವಿಷಯದಲ್ಲಿ ಅದನ್ನು ಅಪರಾಧವೆಂದೇ ಎಣಿಸುತ್ತದೆ. ನೋಡಿ, ಬರೆದಿಟ್ಟುಕೊಂಡರೂ ಅದು ಸಂಗ್ರಹವೇ.

ಇನ್ನು ಯಂತ್ರಗಳ ಕಡೆ ಬರೋಣ. ಹೊಸೂರಿನ ಕಾರ್ಖಾನೆಗಳಲ್ಲಿ ಕೆಲಸ ಮಾಡುವ ತಂದೆಯರು ದಿನವೂ ಕೇಳುವ ಮಾತು "ಡಸ್ಟ್ ಕಲೆಕ್ಟರ್". ಎರಕ ಹೊಯ್ಯುವಲ್ಲಿ, ಉಜ್ಜುವಲ್ಲಿ, ಕಲ್ಲು ಪುಡಿಮಾಡುವಲ್ಲಿ ಏಳುವ ದೂಳನ್ನು ಗಾಳಿಯ ಸಮೇತ ಎಳೆದು, ಬಟ್ಟೆಯ ಚೀಲಗಳ ಮೂಲಕ ಹಾಯಿಸುತ್ತಾರೆ. ಗಾಳಿ ಹೊರಗೆ ಹೋಗುತ್ತದೆ, ದೂಳು ಚೀಲದಲ್ಲಿ ನಿಲ್ಲುತ್ತದೆ. ಚೀಲವನ್ನು ಆಗಾಗ ಕೊಡವಿದರೆ ಕೆಳಗಿನ ತೊಟ್ಟಿಗೆ ಬೀಳುತ್ತದೆ. ದೊಡ್ಡ ಸ್ಥಾವರಗಳಲ್ಲಿ ವಿದ್ಯುತ್ತಿನಿಂದ ದೂಳಿನ ಕಣಗಳನ್ನು ತಗಡಿನತ್ತ ಎಳೆಯುವ ಉಪಾಯವೂ ಇದೆ. ಕೃಷ್ಣಗಿರಿ ಜಿಲ್ಲೆ ಗ್ರಾನೈಟಿಗೆ ಹೆಸರಾದದ್ದು. ಬಂಡೆ ಕೊರೆಯುವಾಗ ಏಳುವ ದೂಳಿನಲ್ಲಿ ಕಣ್ಣಿಗೆ ಕಾಣುವ ದಪ್ಪ ಕಣಗಳಿಗಿಂತ ಕಾಣದ ಸಣ್ಣ ಕಣಗಳು ಅಪಾಯಕಾರಿ. ಅವು ಮೂಗಿನಲ್ಲಿ ನಿಲ್ಲದೆ ನೇರ ಶ್ವಾಸಕೋಶದ ತಳಕ್ಕೆ ಹೋಗಿ ಕೂರುತ್ತವೆ. ಸಿಲಿಕೋಸಿಸ್ ಎಂಬ ಆ ರೋಗಕ್ಕೆ ಬಂದ ಮೇಲೆ ಗುಣಪಡಿಸುವ ಔಷಧವಿಲ್ಲ. ಯಂತ್ರದ ಕಲೆಕ್ಟರ್ ಇಲ್ಲದ ಕಡೆ ಮನುಷ್ಯನ ಎದೆಗೂಡೇ ಕಲೆಕ್ಟರ್ ಆಗುತ್ತದೆ. ನಮ್ಮ ವಿದ್ಯಾರ್ಥಿಗಳ ಮನೆಗಳಲ್ಲಿ ಕಲ್ಲಿನ ಕೆಲಸಕ್ಕೆ ಹೋಗುವವರಿದ್ದರೆ, ನೀರು ಹಾಯಿಸಿಕೊಂಡು ಕೊರೆಯುವ ಪದ್ಧತಿ ಅಲ್ಲಿ ಇದೆಯೇ, ಸರಿಯಾದ ಮುಖಗವಸು ಕೊಡುತ್ತಾರೆಯೇ ಎಂದು ಮಕ್ಕಳೇ ಕೇಳಿ ತಿಳಿಯಲಿ. ಹೆಗಲ ಮೇಲಿನ ಟವಲು ಮುಖಕ್ಕೆ ಸುತ್ತಿಕೊಂಡರೆ ಸಾಲದು.

ಹಿಡಿದ ದೂಳಿನ ಗತಿಯೇನು ಎಂಬ ಪ್ರಶ್ನೆಯೂ ಇದೆ. ತೊಟ್ಟಿ ತುಂಬಿದ ಮೇಲೆ ಅದನ್ನು ಕೆರೆಯ ಅಂಗಳಕ್ಕೆ ಸುರಿದು ಬಂದರೆ ಚೈತ್ರದ ಗಾಳಿಗೆ ಅದು ಪುನಃ ಊರಿಗೇ ಬರುತ್ತದೆ. ಆಗ ಆ ಯಂತ್ರ ಮಾಡಿದ ಕೆಲಸ ದೂಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿದ್ದು ಮಾತ್ರ.

ನೀರಿನ ವಿಷಯವೂ ಹೀಗೆಯೇ. ದಕ್ಷಿಣ ಪಿನಾಕಿನಿ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಹೊಸಕೋಟೆಯ ಕಡೆಯಿಂದ ಇಳಿದು, ಬೆಂಗಳೂರಿನ ಬೆಳ್ಳಂದೂರು ವರ್ತೂರು ಕೆರೆಗಳ ನೀರನ್ನು ಕೂಡಿಸಿಕೊಂಡು ನಮ್ಮ ಕೆಲವರಪಳ್ಳಿ ಅಣೆಕಟ್ಟಿಗೆ ಬರುತ್ತದೆ. ಆ ಕೆರೆಗಳಿಗೆ ಸೇರುವುದು ನಗರದ ಬಚ್ಚಲಿನ ನೀರು. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿಯೇ ಹತ್ತಿಕೊಂಡದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಕೆಲವರಪಳ್ಳಿಯ ತೂಬಿನಿಂದ ನೀರು ಬಿಟ್ಟಾಗ ಹತ್ತಿಯ ರಾಶಿಯಂತೆ ಏಳುವ ನೊರೆಯನ್ನು ನಮ್ಮ ಮಕ್ಕಳು ಕಣ್ಣಾರೆ ಕಂಡಿದ್ದಾರೆ. ಕೆಲವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡದ್ದೂ ಉಂಟು! ಅದು ಸಾಬೂನು, ಬಟ್ಟೆ ತೊಳೆಯುವ ಪುಡಿ, ಕಾರ್ಖಾನೆಯ ಕೊಳಕು. ಮೇಲಿನ ಊರಿನಲ್ಲಿ ಯಾರೂ ಕೂಡಿಸಿ ಶುದ್ಧಿಮಾಡದೆ ಬಿಟ್ಟದ್ದನ್ನು ನದಿ ಕೂಡಿಸಿಕೊಂಡು ಬಂದು ಕೆಳಗಿನ ರೈತನ ಹೊಲಕ್ಕೆ ಬಿಡುತ್ತದೆ. ನದಿಗೆ ರಾಜ್ಯದ ಗಡಿ ಗೊತ್ತಿಲ್ಲ. ಗಡಿಯ ಎರಡೂ ಕಡೆಯ ಭಾಷೆ ಬಲ್ಲ ನಮ್ಮಂಥವರಾದರೂ ಈ ಮಾತನ್ನು ಎರಡೂ ಕಡೆ ಹೇಳಬೇಕು. ಬೆಂಗಳೂರಿನಲ್ಲಿರುವ ನಮ್ಮ ನೆಂಟರಿಗೆ ಹೇಳುವುದಕ್ಕೆ ಸಂಕೋಚವೇಕೆ?

ಮಳೆನೀರಿನ ಲೆಕ್ಕ ಇದಕ್ಕಿಂತ ಹಿತವಾದುದು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಹತ್ತು ಚದರದ ಮನೆಯೆಂದರೆ ಸುಮಾರು 93 ಚದರ ಮೀಟರ್ ಛಾವಣಿ. ವರ್ಷಕ್ಕೆ 800 ಮಿಲಿಮೀಟರ್ ಮಳೆಯೆಂದು ಇಟ್ಟುಕೊಂಡರೆ 74,000 ಲೀಟರಿಗೂ ಮೇಲಾಯಿತು. ಐದರಲ್ಲಿ ಒಂದು ಪಾಲು ಚೆಲ್ಲಿಹೋಯಿತೆಂದರೂ 60,000 ಲೀಟರಿನ ಹತ್ತಿರ ಉಳಿಯುತ್ತದೆ. ಅಂಗಡಿಯಿಂದ ತರುವ 20 ಲೀಟರಿನ ಕ್ಯಾನಿನ ಲೆಕ್ಕದಲ್ಲಿ ಮೂರು ಸಾವಿರ ಕ್ಯಾನು. 2003ರಲ್ಲಿ ತಮಿಳುನಾಡು ಸರ್ಕಾರ ಎಲ್ಲ ಕಟ್ಟಡಗಳಿಗೂ ಮಳೆನೀರು ಕೂಡಿಸುವ ಏರ್ಪಾಡನ್ನು ಕಡ್ಡಾಯ ಮಾಡಿತು. ಆಗ ಹಾಕಿದ ಕೊಳವೆಗಳು ಎಷ್ಟೋ ಮನೆಗಳಲ್ಲಿ ಈಗಲೂ ಗೋಡೆಯ ಮೇಲಿವೆ. ಒಳಗೆ ಎಲೆ ಕಟ್ಟಿಕೊಂಡಿದೆ, ತುದಿ ಚರಂಡಿಗೆ ತಿರುಗಿದೆ. ಛಾವಣಿಯ ಮೇಲೆ ಕಪ್ಪು ಹಲಗೆಯಂತೆ ಮಲಗಿ ಬಿಸಿಲನ್ನು ಹೀರಿ ನೀರು ಕಾಯಿಸುವ ಪೆಟ್ಟಿಗೆಗೂ ಸೋಲಾರ್ ಕಲೆಕ್ಟರ್ ಎಂದೇ ಹೆಸರು. ವಿದ್ಯುತ್ತು ಮಾಡುವ ಫಲಕ ಬೇರೆ, ಇದು ಬೇರೆ. ಪರೀಕ್ಷೆಯಲ್ಲಿ ಇವೆರಡನ್ನೂ ಒಂದೇ ಎಂದು ಬರೆಯಬೇಡಿ. ಟ್ರಾನ್ಸಿಸ್ಟರಿನ ಮೂರು ಕಾಲುಗಳಲ್ಲಿ ಒಂದಕ್ಕೂ ಅದೇ ಹೆಸರಿದೆ. ರೈಲಿನ ಟಿಕೆಟ್ ಕಲೆಕ್ಟರರೂ ಇದ್ದಾರೆ, ಕರ್ನಾಟಕದ ಪಂಚಾಯಿತಿಗಳಲ್ಲಿ ಬಿಲ್ ಕಲೆಕ್ಟರರೂ ಇದ್ದಾರೆ. ಪಟ್ಟಿ ಇಷ್ಟಕ್ಕೆ ಸಾಕು.

ಈ ಪಟ್ಟಿಯಲ್ಲಿ ಎಲ್ಲರಿಗಿಂತ ಕೊನೆಗೆ ನಾವು ನಿಲ್ಲಿಸಿರುವವರು ಕಸ ಆಯುವವರು. ಮಗು ಓದದೆ ಕುಳಿತರೆ ಅನೇಕ ಮನೆಗಳಲ್ಲಿ ಒಂದು ಮಾತು ಹೊರಡುತ್ತದೆ: "ಓದದಿದ್ದರೆ ಕಸ ಆಯೋಕೆ ಹೋಗಬೇಕಾಗುತ್ತೆ ನೋಡು." ತಾಯಂದಿರೇ, ತಂದೆಯರೇ, ಈ ಮಾತನ್ನು ದಯವಿಟ್ಟು ಬಿಡಿ. ನಮ್ಮ ಶಾಲೆಯ ಬೆಂಚುಗಳಲ್ಲಿ ಯಾರ ಮಕ್ಕಳು ಯಾರ ಪಕ್ಕದಲ್ಲಿ ಕುಳಿತಿದ್ದಾರೆಂಬುದು ನಿಮಗೆ ಗೊತ್ತಿರುವುದಿಲ್ಲ. ಒಬ್ಬ ಮಗುವಿಗೆ ಅದು ಎಚ್ಚರಿಕೆ. ಪಕ್ಕದ ಮಗುವಿಗೆ ಅದು ತನ್ನ ಅಮ್ಮನ ಕೆಲಸ. ಆ ಮಾತು ಹೊರಗೆ ಕಾಣಿಸಿಕೊಳ್ಳುವುದು ಆಟದ ಮೈದಾನದಲ್ಲಿ, ಜಗಳದ ಹೊತ್ತಿನಲ್ಲಿ, ಬೈಗುಳವಾಗಿ.

ಒಂದು ದಿನ ಕಲೆಕ್ಟರ್ ಆಫೀಸು ಮುಚ್ಚಿದರೆ ಅರ್ಜಿ ಮರುದಿನಕ್ಕೆ ಹೋಗುತ್ತದೆ. ಒಂದು ವಾರ ಕಸದ ಗಾಡಿ ಬಾರದಿದ್ದರೆ ಬೀದಿಯಲ್ಲಿ ನಡೆಯುವುದೇ ಕಷ್ಟ. ಹೊಸೂರು 2019ರಲ್ಲಿ ಮಹಾನಗರ ಪಾಲಿಕೆಯಾಯಿತು. ಹಿಂದೆ ರಾಗಿ ಹೊಲವಿದ್ದ ಕಡೆ ಬಡಾವಣೆಗಳೆದ್ದಿವೆ. ನಮ್ಮ ಆಲಸನತ್ತಂನಂಥ ಊರಿನ ಹೆಸರಿನಲ್ಲಿರುವ ನತ್ತಂ ಎಂಬುದೂ ಕಂದಾಯದ ಲೆಕ್ಕದ ಮಾತೇ, ಜನರು ಮನೆ ಕಟ್ಟಿಕೊಂಡು ವಾಸಿಸುವ ಜಾಗ ಎಂದು. ಹಿಂದೆ ಆ ಮನೆಗಳ ಕಸವೆಲ್ಲ ತಿಪ್ಪೆಗೆ ಹೋಗಿ, ಮಳೆಗಾಲಕ್ಕೆ ಮುಂಚೆ ಹೊಲಕ್ಕೆ ಗೊಬ್ಬರವಾಗುತ್ತಿತ್ತು. ತಿಪ್ಪೆ ಎಂಬುದು ಬೈಗುಳವಾಗಿರಲಿಲ್ಲ, ಆಸ್ತಿಯಾಗಿತ್ತು. ಪ್ಲಾಸ್ಟಿಕ್ ಬಂದ ಮೇಲೆ ತಿಪ್ಪೆ ಕೆಟ್ಟಿತು. 2019ರ ಜನವರಿ 1ರಿಂದ ತಮಿಳುನಾಡಿನಲ್ಲಿ ಒಂದು ಸಲ ಬಳಸಿ ಬಿಸಾಡುವ ಪ್ಲಾಸ್ಟಿಕ್ ಸಾಮಾನುಗಳಿಗೆ ನಿಷೇಧ ಬಂದಿತು, 2021ರಲ್ಲಿ ಹಳದಿ ಬಟ್ಟೆಚೀಲವನ್ನು ಮರಳಿ ತರುವ ಪ್ರಚಾರವೂ ಆರಂಭವಾಯಿತು. ಮದುವೆ ಮನೆಯಲ್ಲಿ ತಾಂಬೂಲದೊಡನೆ ಕೊಡುತ್ತಿದ್ದ ಚೀಲವೇ ಅದು. ಆದರೂ ಚರಂಡಿಯಲ್ಲಿ ಏನು ಸಿಕ್ಕಿಕೊಂಡಿದೆಯೆಂಬುದನ್ನು ನೋಡಿದವರೇ ಬಲ್ಲರು.

ಸರ್ಕಾರದ ನಿಯಮಗಳೂ ಈಚೆಗೆ ಈ ಜನರನ್ನು ಗುರುತಿಸತೊಡಗಿವೆ. 2011ರಲ್ಲಿ ಆಗಿನ ಬೆಂಗಳೂರು ಮಹಾನಗರ ಪಾಲಿಕೆ ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಡಲು ಆರಂಭಿಸಿತು. ಅಲ್ಲಿಯ ವರೆಗೆ ಮುಂಜಾನೆ ಚೀಲ ಹೊತ್ತು ನಡೆದರೆ ಕಳ್ಳರೆಂದು ನಿಲ್ಲಿಸಿ ಕೇಳುವವರೇ ಹೆಚ್ಚು. 2016ರ ಘನತ್ಯಾಜ್ಯ ನಿಯಮಗಳು ಹಸಿ, ಒಣ, ಅಪಾಯಕಾರಿ ಎಂದು ಕಸವನ್ನು ಮನೆಯಲ್ಲಿಯೇ ಬೇರೆಮಾಡಬೇಕೆಂದೂ ಆಯುವವರನ್ನು ಊರಿನ ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಬೇಕೆಂದೂ ಹೇಳಿದವು. ನಿಯಮ ಬಂದ ಮಾತ್ರಕ್ಕೆ ಕೈ ಶುದ್ಧವಾಗುವುದಿಲ್ಲ ಎಂಬುದು ಬೇರೆ ಮಾತು. ನಾವು ಅನ್ನದ ಜೊತೆಗೆ ಬ್ಲೇಡು, ಒಡೆದ ಬಲ್ಬು, ಮಗುವಿನ ಡಯಾಪರ್ ಎಲ್ಲವನ್ನೂ ಒಂದೇ ಚೀಲಕ್ಕೆ ಕಟ್ಟಿ ಕೊಟ್ಟರೆ ಅದನ್ನು ಬಿಚ್ಚಿ ಬೇರೆಮಾಡುವುದು ಒಬ್ಬ ಮನುಷ್ಯಳ ಬರಿಗೈ.

ಭಾಷೆಯ ಒಂದು ಮಾತನ್ನೂ ಇಲ್ಲಿ ಹೇಳಬೇಕು. ಪಾಠಪುಸ್ತಕಗಳು ಎಲ್ಲಕ್ಕೂ "ಸಂಗ್ರಾಹಕ" ಎಂಬ ಒಂದೇ ಪದ ಹಾಕಿಬಿಡುತ್ತವೆ. ಟ್ರಾನ್ಸಿಸ್ಟರಿಗೆ ಅದು ಸರಿ. ಆದರೆ ನಮ್ಮ ಮನೆಯ ಕನ್ನಡದಲ್ಲಿ ಹುಣಸೆಹಣ್ಣನ್ನು ಆಯುತ್ತೇವೆ, ಹೂವನ್ನು ಬಿಡಿಸುತ್ತೇವೆ, ಸಗಣಿಯನ್ನು ಬಾಚುತ್ತೇವೆ, ಕಂದಾಯವನ್ನು ವಸೂಲು ಮಾಡುತ್ತೇವೆ, ಸೌದೆಯನ್ನು ಒಟ್ಟುತ್ತೇವೆ, ಜೇನನ್ನು ಕೀಳುತ್ತೇವೆ, ಮದುವೆಗೆ ಜನರನ್ನು ಸೇರಿಸುತ್ತೇವೆ, ರಾಗಿಯನ್ನು ಹಗೇವಿಗೆ ತುಂಬುತ್ತೇವೆ. ಹಗೇವು ಎಂಬ ಮಾತು ಎಷ್ಟು ಮಕ್ಕಳಿಗೆ ಗೊತ್ತು? ನೆಲದೊಳಗೆ ಅಗೆದ ಕಣಜವದು. ಬರಗಾಲಕ್ಕೆಂದು ರಾಗಿಯನ್ನು ವರ್ಷಗಟ್ಟಲೆ ಕೆಡದಂತೆ ಅದರಲ್ಲಿ ಇಡುತ್ತಿದ್ದರು. ಒಂದೊಂದು ಕೆಲಸಕ್ಕೆ ಒಂದೊಂದು ಮಾತು ಇರುವಾಗ ಕೆಲಸ ಮಾಡುವವರ ಕೈ ಕಣ್ಣಿಗೆ ಕಾಣುತ್ತದೆ. ಸಂಗ್ರಾಹಕ ಎಂದಾಗ ಯಾರೂ ಕಾಣುವುದಿಲ್ಲ. ತಮಿಳುನಾಡಿನಲ್ಲಿ ಕನ್ನಡ ಓದುವ ಮಕ್ಕಳಿಗೆ ಪುಸ್ತಕದ ಹೊರಗಿನ ಕನ್ನಡ ಸಿಗುವುದು ಅಜ್ಜಿಯರ ಬಾಯಲ್ಲಿ ಮಾತ್ರ; ಆ ಬಾಯಿಗಳು ವರ್ಷವರ್ಷಕ್ಕೂ ಕಡಮೆಯಾಗುತ್ತಿವೆ.

ಆದ್ದರಿಂದ ಬರುವ ಬೇಸಿಗೆ ರಜೆಗೆ ಎಂಟು, ಒಂಬತ್ತನೆಯ ತರಗತಿಯವರಿಗೆ ಎರಡು ಕೆಲಸಗಳನ್ನು ಸೂಚಿಸುತ್ತಿದ್ದೇವೆ. ಒಂದು, ಕೂಡಿಸುವುದು, ಆಯುವುದು, ತುಂಬಿಡುವುದು ಇವುಗಳಿಗೆ ಮನೆಯಲ್ಲಿ ಆಡುವ ಮಾತುಗಳನ್ನು, ಹೇಳಿದವರ ಹೆಸರು, ಊರು ಸಹಿತ ಒಂದು ನೋಟುಪುಸ್ತಕದಲ್ಲಿ ಬರೆದುಕೊಂಡು ಬರುವುದು. ಮನೆಮಾತು ತೆಲುಗೋ ತಮಿಳೋ ಉರ್ದುವೋ ಆಗಿದ್ದರೆ ಆ ಭಾಷೆಯ ಮಾತನ್ನೇ ಕನ್ನಡ ಅಕ್ಷರದಲ್ಲಿ ಬರೆಯಲಿ. ಇನ್ನೊಂದು, ನಿಮ್ಮ ಬೀದಿಗೆ ಕಸ ತೆಗೆದುಕೊಂಡು ಹೋಗಲು ಬರುವವರ ಹೆಸರನ್ನು ಕೇಳಿ ತಿಳಿದುಕೊಳ್ಳುವುದು. ಅವರು ನಿಮಗಿಂತ ಹಿರಿಯರು, ಅಕ್ಕ ಎಂದೋ ಅಣ್ಣ ಎಂದೋ ಸೇರಿಸಿ ಕರೆಯಿರಿ. ಒಡೆದ ಗಾಜು, ಬ್ಲೇಡುಗಳನ್ನು ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಅವರ ಕೈಗೆ ಬೇರೆಯಾಗಿ ಕೊಡಿ. ನೋಟುಪುಸ್ತಕಗಳನ್ನು ಶಾಲೆ ತೆರೆದ ಮೊದಲ ವಾರದಲ್ಲಿ ಕನ್ನಡ ಅಧ್ಯಾಪಕರಿಗೆ ಒಪ್ಪಿಸಬೇಕು.